ಎಷ್ಟು ಹಂತದ ಸರ್ಕಾರ ಬೇಕು?

ಭಾರತದಷ್ಟು ದೊಡ್ಡ ಒಕ್ಕೂಟಕ್ಕೆ ಕೇಂದ್ರ, ರಾಜ್ಯ ಎರಡೇ ಸಾಲದಾ, ಕೆಳಗೆ ಜಿಲ್ಲೆ, ತಾಲೂಕು ಪಂಚಾಯಿತಿಗಳೆಲ್ಲ ಯಾಕೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆ ಅಂತ ಮೂರು ಹಂತ ಬೇಕೇ ಬೇಕು. ಅದಕ್ಕಿಂತ ಜಾಸ್ತಿ ಬೇಕಾ ಅನ್ನೋದು ಊರು ನೋಡಿಕೊಂಡು. ಸಂವಿಧಾನದಲ್ಲೇ ಈ ಸಡಿಲಿಕೆ ಇದೆ: ಜನಸಂಖ್ಯೆ 20 ಲಕ್ಷ ಮೀರದ ರಾಜ್ಯಗಳು ತಾಲೂಕು ಮಟ್ಟದ ಪಂಚಾಯಿತಿ ಇಟ್ಟುಕೊಳ್ಳದಿದ್ದರೂ ನಡೆಯುತ್ತದೆ.

ನಮ್ಮ ಬೆಂಗಳೂರನ್ನೇ ನೋಡಿ. ನಗರ ಸಂಸ್ಥೆಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅವಕ್ಕೆ ಕೊಡಬಹುದಾದ 18 ಕೆಲಸಗಳ ಪಟ್ಟಿಯೂ ಬಂತು. ನೀರು ಪೂರೈಕೆ ಅದರಲ್ಲೊಂದು. ಆದರೆ ಇಲ್ಲಿ ಕಾವೇರಿ ನೀರು ಜಲಮಂಡಳಿಯದ್ದು, ಬಡಾವಣೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ)ಯದ್ದು. ಎರಡೂ ರಾಜ್ಯ ಸರ್ಕಾರದ ಕೈಕೆಳಗೆ. ಕಾರ್ಪೊರೇಟರ್ ಪಾಪ ಏನು ಮಾಡುತ್ತಾರೆ? ಅದೂ ಇದ್ದರೆ ತಾನೇ! 2020ರ ಸೆಪ್ಟೆಂಬರ್‌ನಲ್ಲಿ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

2025ರಲ್ಲಿ ಬಿಬಿಎಂಪಿಯನ್ನು ಐದು ಪಾಲಿಕೆ ಮಾಡಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿದರು. ಅದರ ಅಧ್ಯಕ್ಷರು ಮುಖ್ಯಮಂತ್ರಿಯೇ. ಇದನ್ನು ಹೊಸ ಹಂತ ಅಂತ ಎಣಿಸಬೇಕಾ? ನಾನಂತೂ ಎಣಿಸುವುದಿಲ್ಲ. ರಾಜ್ಯ ಸರ್ಕಾರವೇ ಇನ್ನೊಂದು ಬೋರ್ಡು ತಗುಲಿಹಾಕಿಕೊಂಡ ಹಾಗೆ, ಅಲ್ವಾ?