ಇಂಗ್ಲೆಂಡಿನಲ್ಲಿ ಮೀನು ಹಿಡಿಯೋಕೆ ನದಿ ಮುಚ್ಚಿರೋ ಮೂರು ತಿಂಗಳು ಗಾಳದ ರಾಡ್ ಕಟ್ಟಿಡಲಾ, ಕೊಳಕ್ಕೆ ಹೋಗಲಾ?

ಕಟ್ಟಿಡಲಾ ಅಂತ ಕೇಳ್ತಿದ್ದೀರಲ್ಲ, ಇಲ್ಲಿನ ರೆಡಿಂಗ್ ಊರಿಗೆ ಬಂದ ಮೊದಲ ವರ್ಷ ನಾನು ಅದನ್ನೇ ಮಾಡಿದ್ದು. ನದಿ ಮುಚ್ಚುವ ಹಿಂದಿನ ದಿನ, ಮಾರ್ಚ್ 14ರ ಸಂಜೆ ಕೆನೆಟ್ ನದಿಯಿಂದ ಬಂದವನು ಒದ್ದೆ ರಾಡನ್ನು ಹಾಗೇ ಚೀಲಕ್ಕೆ ತುರುಕಿದೆ. ಚೀಲವನ್ನು ಮೆಟ್ಟಿಲ ಕೆಳಗಿನ ಗೂಡಿಗೆ ನೂಕಿದೆ. ಮತ್ತೆ ಹೊರತೆಗೆದದ್ದು ಜೂನ್ 15ರ ರಾತ್ರಿ. ನಡುವೆ ಮಾಡಿದ ಒಂದೇ ಒಂದು ಬುದ್ಧಿವಂತಿಕೆ ಅಂದರೆ ರೀಲಿಗೆ 8 ಪೌಂಡ್ ಭಾರ ತಡೆಯುವ ಹೊಸ ಲೈನ್ (ಗಾಳದ ದಾರ) ಸುತ್ತಿದ್ದು. 16ರ ಬೆಳಿಗ್ಗೆ ಮೂರು ಬಾರ್ಬೆಲ್ ಮೀನು ಕಚ್ಚಿದವು, ಮೂರೂ ಲೈನ್ ಹರಿದುಕೊಂಡು ಹೋದವು. ಬಾಯಲ್ಲಿ ಕೊಕ್ಕೆ, ಹಿಂದೆ ಮೀಟರುಗಟ್ಟಲೆ ಲೈನ್ ಎಳಕೊಂಡು. ಮೀನು ತಪ್ಪಿದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಲೈನೇ ಕಳಪೆ ಅಂತ ಬೈಕೊಂಡೆ. ಲೈನಿನದು ಏನೂ ತಪ್ಪಿರಲಿಲ್ಲ. ಹರಿದ ತುದಿಯನ್ನು ಆಗಲೇ ಬೆಳಕಿಗೆ ಹಿಡಿದು ನೋಡಿದ್ದರೆ ಗೊತ್ತಾಗುತ್ತಿತ್ತು. ತುದಿ ಹಂದಿ ಬಾಲದ ಹಾಗೆ ಸುರುಳಿಯಾಗಿದ್ದರೆ ಗಂಟು ಜಾರಿದೆ ಅಂತ ಅರ್ಥ. ಒರಟಾಗಿ, ಎಳೆಎಳೆಯಾಗಿ, ಅದರ ಮೇಲಿನ ಎರಡು ಮೂರು ಅಡಿಯೂ ಬೆರಳಿಗೆ ತರಿತರಿಯಾಗಿ ಸಿಕ್ಕರೆ ಯಾವುದೋ ಅಂಚು ಲೈನನ್ನು ಹೆರೆದಿದೆ. ನನ್ನದು ಎರಡನೆಯದು. ನಾನೋ, ಪ್ರತಿ ಸಲವೂ ಆ ತರಿಯಾದ ಲೈನಿಗೇ ಹೊಸ ಕೊಕ್ಕೆ ಕಟ್ಟಿ ಮತ್ತೆ ಎಸೆದೆ.

ಹೆರೆದದ್ದು ರಾಡಿನ ತುದಿಯ ರಿಂಗು. ಲೋಹದ ಚೌಕಟ್ಟಿನೊಳಗೆ ಸೆರಾಮಿಕ್‌ನ ತೆಳ್ಳನೆ ಬಳೆ ಕೂರಿಸಿರುತ್ತಾರೆ, ಲೈನ್ ನುಣ್ಣಗೆ ಓಡಲಿ ಅಂತ. ಗಾಜಿನ ಬಳೆಯ ಹಾಗೇ ಅದಕ್ಕೂ ಪೆಟ್ಟು ತಡೆಯುವುದಿಲ್ಲ. ಗೂಡಿನೊಳಗೆ ವ್ಯಾಕ್ಯೂಮ್ ಕ್ಲೀನರ್ ಅದರ ಮೇಲೆ ಒರಗಿತ್ತು. ಕೂದಲೆಳೆಯಷ್ಟು ಬಿರುಕು, ಕಣ್ಣಿಗೆ ಕಾಣದು. ಬರೀ ಎಸೆಯುವಾಗ ಲೈನಿನ ಮೇಲೆ ಭಾರ ಇರುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ. ಹಿಂದಿನ ರಾತ್ರಿ ಹಿತ್ತಿಲಲ್ಲಿ ನಾಲ್ಕು ಸಲ ಎಸೆದು ನೋಡಿ ಸರಿಯಿದೆ ಅಂದುಕೊಂಡಿದ್ದೆ. ಬಾರ್ಬೆಲ್ ಕಚ್ಚಿ ಹೊಳೆಗೆ ಅಡ್ಡವಾಗಿ ಓಡಿದಾಗ ಕಥೆಯೇ ಬೇರೆ. ರಾಡ್ ಬಿಲ್ಲಿನಂತೆ ಬಾಗಿರುತ್ತದೆ, ಲೈನ್ ತುದಿ ರಿಂಗಿನ ಅಂಚಿಗೆ ಒತ್ತಿಕೊಂಡೇ ಹತ್ತಿಪ್ಪತ್ತು ಮೀಟರ್ ಓಡುತ್ತದೆ. ಅಷ್ಟುದ್ದಕ್ಕೂ ಬಿರುಕು ಅದನ್ನು ತುರಿಯುತ್ತಾ ಹೋಗುತ್ತದೆ. ಮೀನು ಕೊನೆಯ ಸಲ ಬಾಲ ಬಡಿದಾಗ ಟಪ್ ಅಂತ ಹರಿಯುತ್ತದೆ. ಲೈನ್ ಬದಲಿಸಿದೆ ಅನ್ನೋ ಧೈರ್ಯದಲ್ಲಿ ರಿಂಗ್ ನೋಡದೇ ಇದ್ದದ್ದು, ತಪ್ಪು ಅಷ್ಟೇ.

ನೋಡುವುದು ಹೀಗೆ. ಚಿಟಿಕೆ ಹತ್ತಿಯನ್ನು ಪ್ರತಿ ರಿಂಗಿನ ಒಳಗೂ ಸುತ್ತ ಉಜ್ಜಿ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಬೆರಳನ್ನು ನಂಬಬೇಡಿ.

ತುದಿ ರಿಂಗ್ ಬದಲಿಸಲು ಅಂಗಡಿ ಬೇಡ. ಹೆಚ್ಚಿನ ರಾಡುಗಳಲ್ಲಿ ಅದನ್ನು ಕಾಯಿಸಿ ಕರಗಿಸುವ ಅಂಟಿನಿಂದ ಕೂರಿಸಿರುತ್ತಾರೆ. ಲೈಟರಿನ ಜ್ವಾಲೆಯನ್ನು ರಿಂಗಿನ ಲೋಹದ ಕೊಳವೆಗೆ ಮಾತ್ರ ತಾಗಿಸಿ, ಎರಡು ಮೂರು ಸೆಕೆಂಡ್ ಹಿಡಿದು ತೆಗೆದು, ಇಕ್ಕಳದಿಂದ ನೇರವಾಗಿ ಎಳೆದು ನೋಡಿ. ಬರದಿದ್ದರೆ ಮತ್ತೆ ಎರಡು ಸೆಕೆಂಡ್. ರಾಡಿನ ಕಾರ್ಬನ್ನಿಗೆ ಬೆಂಕಿ ತಾಗಿದರೆ ಅದರ ರಾಳ ಸುಟ್ಟು ತುದಿ ದುರ್ಬಲವಾಗುತ್ತದೆ, ಮುಂದಿನ ದೊಡ್ಡ ಮೀನಿಗೆ ಮುರಿಯುತ್ತದೆ. ಹೊಸ ರಿಂಗ್ ಕೊಳ್ಳುವಾಗ ಹಳೆಯ ಕೊಳವೆಯ ಒಳ ಅಳತೆ ಮಿಲಿಮೀಟರಿನಲ್ಲಿ ಹೇಳಿ, ಅಂದಾಜಿಗೆ ತರಬೇಡಿ. ಅಂಟು ಕರಗಿಸಿ ಬಳಿದು, ರಿಂಗ್ ತೊಡಿಸಿ, ಅಂಟು ಬಿಸಿ ಇರುವಾಗಲೇ ರಾಡಿನ ಬುಡದಿಂದ ಒಂದೇ ಕಣ್ಣಲ್ಲಿ ನೋಡಿ ಉಳಿದ ರಿಂಗುಗಳ ಸಾಲಿಗೆ ತಿರುಗಿಸಿ. ನಡುವಿನ ರಿಂಗುಗಳು ದಾರ ಸುತ್ತಿ ವಾರ್ನಿಷ್ ಹೊಡೆದವು. ಅದರಲ್ಲಿ ಕೈ ಪಳಗದಿದ್ದರೆ ಬಲ್ಲವರಿಗೆ ಕೊಡಿ. ಅಂಥವರ ಬಳಿ ಮೇ ಕೊನೆಗೆ ರಾಡುಗಳ ರಾಶಿ ಬಿದ್ದಿರುತ್ತದೆ, ಏಪ್ರಿಲ್‌ನಲ್ಲೇ ಕೊಡಿ.

ರಾಡ್ ಬಿಚ್ಚಿದಾಗಲೇ ರೀಲನ್ನೂ ನೋಡಿಬಿಡಿ. ಲೈನ್ ತಿರುಗುವ ಪುಟ್ಟ ರೋಲರಿಗೆ ಒಂದು ಹನಿ ಎಣ್ಣೆ, ಒಳಗಿನ ದೊಡ್ಡ ಗಿಯರಿಗೆ ತೆಳ್ಳಗೆ ಗ್ರೀಸ್. ಗ್ರೀಸ್ ಮೆತ್ತಿದರೆ ಚಳಿಯಲ್ಲಿ ಹಿಡಿ ಬಿಗಿಯುತ್ತದೆ. ಲೈನನ್ನು ಸ್ಪೂಲಿನ ಅಂಚಿಗಿಂತ 2 ಮಿ.ಮೀ. ಕೆಳಗಿನವರೆಗೆ ತುಂಬಿ. ಅದಕ್ಕಿಂತ ಹೆಚ್ಚಾದರೆ ಸುರುಳಿ ಸುರುಳಿಯಾಗಿ ಉದುರುತ್ತದೆ. ಎತ್ತಿಡುವಾಗ ಡ್ರ್ಯಾಗ್ (ಮೀನು ಎಳೆದಾಗ ಲೈನ್ ತಡೆದು ಬಿಡುವ ಬ್ರೇಕ್) ಸಡಿಲಿಸಿ, ಬಿಗಿಯಾಗಿ ಬಿಟ್ಟರೆ ಒಳಗಿನ ಬಿಲ್ಲೆಗಳು ಒತ್ತಿಕೊಂಡು ಆಮೇಲೆ ತಡೆತಡೆದು ಬಿಡುತ್ತವೆ.

ಇನ್ನು ನಿಮ್ಮ ಎರಡನೇ ಆಯ್ಕೆ, ಕೊಳ. ಹೋಗಬಹುದು, ಕಾನೂನು ಬಿಡುತ್ತದೆ. ಮಾರ್ಚ್ 15ರಿಂದ ಜೂನ್ 15ರವರೆಗೆ ಮುಚ್ಚುವ ಪದ್ಧತಿ 1878ರ ಕಾಯಿದೆಯಿಂದ ಬಂದದ್ದು. ಹೆಚ್ಚಿನ ಕೆರೆ ಕೊಳಗಳಿಗೆ 1995ರಲ್ಲಿ, ಹೆಚ್ಚಿನ ಕಾಲುವೆಗಳಿಗೆ 2000ದಲ್ಲಿ ಅದನ್ನು ತೆಗೆದರು. ರಾಡ್ ಲೈಸೆನ್ಸ್ ಅಲ್ಲಿಗೂ ಬೇಕು, ಇಲ್ಲದಿದ್ದರೆ ದಂಡ 2,500 ಪೌಂಡ್ ತನಕ. ಕಾಲುವೆ ಅನ್ನೋ ಹೆಸರು ನೋಡಿ ಮೋಸಹೋಗಬೇಡಿ. ನಮ್ಮ ಕಡೆಯ ಕೆನೆಟ್ ಅಂಡ್ ಏವನ್ ಕಾಲುವೆ ನ್ಯೂಬರಿಗೂ ರೆಡಿಂಗಿಗೂ ನಡುವೆ ಎಷ್ಟೋ ಕಡೆ ನದಿಯೊಳಗೇ ಸೇರಿ ಹರಿಯುತ್ತದೆ. ಅಲ್ಲಿ ನೀವು ಕೂತದ್ದು ಮುಚ್ಚಿರುವ ನದಿಯ ದಡದಲ್ಲಿ. ದೋಣಿ ಏರಿಸಿ ಇಳಿಸುವ ಲಾಕ್ ಗೇಟಿನಿಂದ ಯಾವ ಕವಲು ಎತ್ತ ಹೋಗುತ್ತದೆ ಅಂತ ನಕ್ಷೆಯಲ್ಲಿ ನೋಡಿಕೊಂಡೇ ಕೂರಿ.

ಆದರೆ "ನದಿ ಮೀನಿಗೆ ಮೊಟ್ಟೆಯ ಕಾಲ, ಕೊಳದಲ್ಲಿ ಆ ಪಾಪ ಇಲ್ಲ" ಅಂತ ಬರೆದಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. ಕೊಳದ ಕಾರ್ಪ್, ಟೆಂಚ್ ಮೊಟ್ಟೆಯಿಡುವುದೂ ಮೇ, ಜೂನಲ್ಲೇ. ದಡದ ಜೊಂಡಿನಲ್ಲಿ ಕಾರ್ಪ್‌ಗಳು ಗುಂಪಾಗಿ ಬೆನ್ನು ಮೇಲೆ ಮಾಡಿ ನೀರು ಚಿಮ್ಮಿಸುತ್ತಿದ್ದರೆ ಗಾಳ ಸುತ್ತಿಕೊಂಡು ಮನೆಗೆ ಹೋಗಿ. ಹೋಗಲೇಬೇಕು ಅಂದರೆ ಏಪ್ರಿಲ್ ಕೊನೆ, ಮೇ ಮೊದಲರ್ಧದಲ್ಲಿ ಟೆಂಚ್‌ಗೆ ಹೋಗಿ. ಬೆಳಗಾಗುವ ಮುಂಚೆ, ಜೊಂಡಿನ ಅಂಚಿಗೆ. ಸೋಡಾದಲ್ಲಿ ಏಳುವಂಥ ಸಣ್ಣ ಗುಳ್ಳೆಗಳು ಒಂದೇ ಕಡೆ ಬುಳುಬುಳು ಎದ್ದರೆ ಟೆಂಚ್ ಕೆಸರು ಕೆದಕುತ್ತಿದೆ ಅಂತ ತಿಳಿಯಿರಿ.

ನನ್ನನ್ನು ಕೇಳಿದರೆ ಈ ಮೂರು ತಿಂಗಳ ಕೆಲಸ ನದಿಯ ದಡದಲ್ಲೇ ಇದೆ, ರಾಡ್ ಮನೆಯಲ್ಲಿ. ಜೋಡಿಸಿದ ರಾಡ್ ಹಿಡಿದು ಈಗ ದಡದಲ್ಲಿ ನಡೆದರೆ, ಮೀನು ಹಿಡಿಯುತ್ತಿಲ್ಲ ಅನ್ನೋ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ಏಪ್ರಿಲ್ ನಡುವೆ ಚಳಿಗಾಲದ ಪ್ರವಾಹ ಇಳಿದಿರುತ್ತದೆ, ನೀರಗಿಡ ಇನ್ನೂ ಬೆಳೆದಿರುವುದಿಲ್ಲ. ಹೊಳೆಯ ತಳ ಅಂಗೈಯಂತೆ ಕಾಣುವುದು ಆಗ ಮಾತ್ರ. ಬಿಸಿಲಿರುವ ದಿನ ಮಧ್ಯಾಹ್ನ, ಪೋಲರಾಯ್ಡ್ ಕನ್ನಡಕ ಹಾಕಿ ಹೋಗಿ. ಜಲ್ಲಿಕಲ್ಲಿನ ಹಾಸು ಎಲ್ಲಿ ಮುಗಿದು ಆಳ ಶುರುವಾಗುತ್ತದೆ, ಯಾವ ಮರ ಬಿದ್ದು ಮುಳುಗಿದೆ, ಹಳೆಯ ಗುಂಡಿ ತುಂಬಿಹೋಗಿ ಹೊಸದು ಎಲ್ಲಾಗಿದೆ, ಎಲ್ಲ ಫೋನಿನಲ್ಲಿ ಗುರುತು ಹಾಕಿ. ಜೂನ್ 16ಕ್ಕೆ ಇದನ್ನೆಲ್ಲ ಹಸಿರು ಮುಚ್ಚಿರುತ್ತದೆ. ಮೇ ಕೊನೆಗೆ ಬಾರ್ಬೆಲ್‌ಗಳು ಆ ಜಲ್ಲಿಕಲ್ಲಿನ ಮೇಲೇ, ಮೊಳಕಾಲುದ್ದದ ನೀರಿಗೆ ಬಂದು ಹೊರಳುವುದು ಕಾಣಬಹುದು. ದೂರದಿಂದ ನೋಡಿ. ನೀರಿಗಿಳಿಯಬೇಡಿ, ನಾಯಿಯನ್ನೂ ಬಿಡಬೇಡಿ, ಒಂದು ಹೆಜ್ಜೆಗೆ ಎಷ್ಟು ಮೊಟ್ಟೆ ಜಜ್ಜಿಹೋಗುತ್ತದೋ.

ಜೊತೆಗೆ ಗಾಳ ಹಾಕುವವರ ಯಾವುದಾದರೂ ಕ್ಲಬ್ಬಿನ ಶ್ರಮದಾನಕ್ಕೆ ಹೋಗಿ. ಗರಗಸ, ದಪ್ಪ ಕೈಗವಸು ಸಾಕು. ದಡದಲ್ಲಿ ಮೆಟ್ಟಿಲು ಕಡಿಯುವುದು, ಬಿದ್ದ ವಿಲ್ಲೋ ಕೊಂಬೆ ಎಳೆಯುವುದು, ಪ್ಲಾಸ್ಟಿಕ್ ಹೆಕ್ಕುವುದು. ಪೊದೆ ಕಡಿಯುವ ಮುಂಚೆ ಹಕ್ಕಿ ಗೂಡಿದೆಯಾ ನೋಡಿ, ಮೊಟ್ಟೆ ಮರಿ ಇರುವ ಗೂಡು ಕೆಡಿಸಿದರೆ ಇಲ್ಲಿ ಅದು ಅಪರಾಧ. ಚಹಾ ಹೊತ್ತಿಗೆ ಮುದುಕರು ತಮ್ಮ ಜಾಗಗಳ ಗುಟ್ಟು ಬಿಡುತ್ತಾರೆ. ದುಡ್ಡು ಕೊಟ್ಟರೂ ಸಿಗದ ಮಾಹಿತಿ ಅದು.

ಕಾವೇರಿಯ ಮಹಶೀರಿಗೆ ಹಾಕುವ ರಾಗಿ ಉಂಡೆ ಇಲ್ಲಿ ನಡೆಯುತ್ತಾ ಅಂತಲೂ ಕೇಳಿದ್ದೀರಿ. ಕಾರ್ಪ್, ಚಬ್ ಎರಡೂ ತಿನ್ನುತ್ತವೆ. ಊಟದ ಮುದ್ದೆಗಿಂತ ಗಟ್ಟಿಯಾಗಿ ತೊಳಸಿ, ಆರಿದ ಮೇಲೆ ಮತ್ತೆ ನಾದಿ, ಗೋಲಿಯಷ್ಟು ಉಂಡೆ ಮಾಡಿ 8ನೇ ನಂಬರಿನ ಕೊಕ್ಕೆಗೆ ಒತ್ತಿ. ಮೆತ್ತಗಾದರೆ ಎಸೆದಾಗಲೇ ಹಾರಿಹೋಗುತ್ತದೆ. ಮೊದಲು ಮನೆಯಲ್ಲಿ ಒಂದು ಲೋಟ ತಣ್ಣೀರಿಗೆ ಹಾಕಿಡಿ, ಇಪ್ಪತ್ತು ನಿಮಿಷ ಕರಗದೆ ನಿಂತರೆ ಹದ ಸರಿಯಿದೆ.