ಓದುಗರ ಪ್ರಶ್ನೆ: ಕರಿಮದ್ದು ಮತ್ತು ಹೊಗೆರಹಿತ ಮದ್ದು

ಪ್ರ: ಮನೆಯಲ್ಲಿ ಅಜ್ಜನ ಕಾಲದ, ಲೈಸೆನ್ಸಿರುವ ಕೇಪು ಕೋವಿ ಇದೆ. ಈಗಿನ ತೋಟೆ ಬಿಚ್ಚಿ ಅದರ ಮದ್ದು ಹಾಕಬಹುದೇ? ಹೊಗೆ ಕಡಿಮೆಯಾದೀತಲ್ಲ?
— ಓದುಗರು, ಪೆರ್ಲ

ಉ: ಬೇಡವೇ ಬೇಡ. ನಳಿಗೆ ಒಡೆದು ಕೈಯೋ ಕಣ್ಣೋ ಹೋದೀತು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಹೊಗೆ, ಮಸಿಯಾಗಿ ಉಳಿಯುತ್ತದೆ. ಹೊಗೆರಹಿತ ಮದ್ದು ಬಹುಪಾಲು ಅನಿಲವೇ ಆಗುತ್ತದೆ. ಜೊತೆಗೆ, ಒತ್ತಡ ಏರಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಕರಿಮದ್ದಿನ ಅಳತೆಯಲ್ಲೇ ತುಂಬಿದರೆ ಹಳೆಯ ನಳಿಗೆ ತಾಳದು.

ಪ್ರ: ಸೈನ್ಯಗಳು ಬರೀ ಮದ್ದು ಬದಲಿಸಿದರೆ ಸಾಕಾಗಲಿಲ್ಲವೇ?
— ಓದುಗರು, ಬದಿಯಡ್ಕ

ಉ: ಇಲ್ಲ, ಕೋವಿಯನ್ನೇ ಬದಲಿಸಬೇಕಾಯಿತು. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಸ ಮದ್ದು ಮಾಡಿದರು. 1886ರಲ್ಲಿ ಅದಕ್ಕೆಂದೇ 8 ಮಿ.ಮೀ. ಲೆಬೆಲ್ ರೈಫಲ್ ಬಂತು. ಬ್ರಿಟಿಷರ ಹಳೆಯ ಕೋವಿ ಮಾರ್ಟಿನಿ-ಹೆನ್ರಿಯ ತೋಟೆಯಲ್ಲಿ ಸುಮಾರು 5.5 ಗ್ರಾಂ ಕರಿಮದ್ದು, 31 ಗ್ರಾಂ ಸೀಸದ ಗುಂಡು. ವೇಗ ಸೆಕೆಂಡಿಗೆ ಸುಮಾರು 410 ಮೀಟರ್. ಅವರದೇ 1888ರ ರೈಫಲ್ ಲೀ-ಮೆಟ್‌ಫರ್ಡ್‌ನ ನಳಿಗೆ 7.7 ಮಿ.ಮೀ.ಗೆ ಇಳಿಯಿತು. ಆದರೆ ಹೊಸ ಮದ್ದು ಸಿದ್ಧವಾಗದೆ ಅದರ ಮೊದಲ ತೋಟೆಗಳಿಗೆ ಕರಿಮದ್ದನ್ನೇ ಒತ್ತಿ ತುಂಬಿದರು! ಆಮೇಲೆ ಬಂದ ಬ್ರಿಟಿಷರ ಹೊಗೆರಹಿತ ಮದ್ದು ಕಾರ್ಡೈಟ್ ಬರೀ 2 ಗ್ರಾಂ ಸಾಕಾಗಿ, 14 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 600 ಮೀಟರ್ ವೇಗದಲ್ಲಿ ಹೋಯಿತು.

ಆ ವೇಗಕ್ಕೆ ಬರೀ ಸೀಸ ನಳಿಗೆಯ ಸುರುಳಿ ಗಾಡಿಗಳಲ್ಲಿ (ಗುಂಡನ್ನು ತಿರುಗಿಸಲು ಒಳಮೈಯಲ್ಲಿ ಕೊರೆದ ಗೀರುಗಳಲ್ಲಿ) ಕಿತ್ತು ಮೆತ್ತಿಕೊಳ್ಳುತ್ತದೆ. ಅದಕ್ಕೇ ತಾಮ್ರ-ನಿಕಲ್ ಕವಚ. ಇನ್ನೊಂದು ತೊಡಕು ಗಾಡಿಗಳದ್ದೇ. ಮೆಟ್‌ಫರ್ಡ್ ಗಾಡಿಗಳು ಮಸಿ ಕಟ್ಟಬಾರದೆಂದು ಆಳವಿಲ್ಲದೆ, ಅಂಚು ದುಂಡಾಗಿ ಮಾಡಿದವು. ಕಾರ್ಡೈಟ್‌ನ ಉರಿಗೆ ಬಹುಬೇಗ ಸವೆದುಹೋದವು. 1895ರಲ್ಲಿ ಆಳವಾದ ಐದು ಗಾಡಿಗಳ ಎನ್‌ಫೀಲ್ಡ್ ನಳಿಗೆ ಬಂದದ್ದು ಇದೇ ಕಾರಣಕ್ಕೆ.

ಪ್ರ: ನೀಲಗಿರಿಯ ಅರುವಂಕಾಡಿನಲ್ಲಿ ತಯಾರಾಗುತ್ತಿದ್ದುದು ಇದೇ ಕಾರ್ಡೈಟೇ? ಇದನ್ನು ಹಾರಿಸಿದ ಮೇಲೆ ನಳಿಗೆ ತೊಳೆಯುವುದು ಬೇಡವೇ?
— ಓದುಗರು, ತಾಳವಾಡಿ

ಉ: ಇದೇ. ಆ ಕಾರ್ಖಾನೆ 1903ರದ್ದು. ಬ್ರಿಟನ್ನಿನ ರಸಾಯನ ವಿಜ್ಞಾನಿಗಳಾದ ಏಬಲ್, ಡೀವರ್ ಇಬ್ಬರೂ 1889ರಲ್ಲಿ ರೂಪಿಸಿದ ಈ ಮದ್ದು ಶ್ಯಾವಿಗೆಯ ಹಾಗೆ ಎಳೆ ಎಳೆ. ಮೊದಲಿನದರಲ್ಲಿ ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕ ದ್ರವ ಇತ್ತು. ನಳಿಗೆ ಉಳಿಸಲು ಆಮೇಲೆ 30ಕ್ಕೆ ಇಳಿಸಿದರು.

ತೊಳೆಯಲೇಬೇಕಿತ್ತು. ಮಸಿ ಕಾಣದಿದ್ದರೂ ಮದ್ದಿಗೆ ಕಿಡಿ ಹೊತ್ತಿಸುವ ಆಗಿನ ಕೇಪಿನ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಉಪ್ಪಾಗಿ ನಳಿಗೆಯೊಳಗೆ ಕೂರುತ್ತಿತ್ತು; ಅದು ತೇವ ಹೀರಿ ತುಕ್ಕು ಹಿಡಿಸುತ್ತದೆ, ಮಳೆಗಾಲದಲ್ಲಂತೂ ಒಂದೇ ರಾತ್ರಿ ಸಾಕು. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಕುದಿನೀರು ಹೊಯ್ದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಎಣ್ಣೆ. ಕರಿಮದ್ದಿನ ಕೋವಿಗೂ ಇದೇ ಕ್ರಮ.