ದೊಡ್ಡಪ್ಪನ ಸಾಧನೆ ಯಾವುದು?

ಮದ್ದೂರಿನ ಗೆಳೆಯರೇ,

ನಿಮ್ಮ ‘ನಮ್ಮೂರ ಸಾಧಕ’ ಲೇಖನ ಓದಿದೆ. ಆಲೆಮನೆಯಲ್ಲಿ ಬೆಲ್ಲ ಮಾಡುವ ನಿಮ್ಮ ದೊಡ್ಡಪ್ಪನ ಬಗ್ಗೆ 4 ಪುಟ ಬರೆದಿದ್ದೀರಿ. ನಮ್ಮ ಪತ್ರಿಕೆಯಲ್ಲಿ ಹೀಗೇ ಹಾಕಿಕೊಳ್ಳಲು ಆಗುವುದಿಲ್ಲ. ಕಾರಣ ನೇರವಾಗಿ ಹೇಳುತ್ತೇನೆ, ಬೇಜಾರು ಬೇಡ.

‘ಸಾಧನೆ’ ಅನ್ನೋ ಪದ 17 ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. ದೊಡ್ಡಪ್ಪನಿಗೆ ಅವರ ಅಪ್ಪನಿಂದ ಬಂದ ಎರಡು ಎಕರೆ ಗದ್ದೆಯೂ ಸಾಧನೆ, ಪಂಚಾಯ್ತಿಗೆ ಅವಿರೋಧವಾಗಿ ಆಯ್ಕೆಯಾದದ್ದೂ ಸಾಧನೆ, ಮಗನ ಮದುವೆಗೆ ಜನ ಜಾಸ್ತಿ ಬಂದದ್ದೂ ಸಾಧನೆ. ಇದು ಸರ್ಕಲ್ಲಿನ ಫ್ಲೆಕ್ಸ್ ಭಾಷೆ. ಜಮೀನಿನ ಪತ್ರ ಬರೆಯುವವರೇ ನಮಗಿಂತ ಹುಷಾರು, ಅಲ್ವಾ? ತಾತನಿಂದ ಬಂದದ್ದು ಪಿತ್ರಾರ್ಜಿತ, ಸ್ವಂತ ದುಡಿದು ಮಾಡಿದ್ದು ಸ್ವಯಾರ್ಜಿತ. ಅಣ್ಣತಮ್ಮಂದಿರ ಪಾಲಿನ ಜಗಳ ಎಷ್ಟೋ ಸಲ ಈ ಎರಡು ಪದಗಳ ಮೇಲೇ ನಿಂತಿರುತ್ತದೆ.

ಸಾಧನೆ ಅಂದರೆ ಬರೀ ಫಲವಲ್ಲ. ವೀಣೆ ಕಲಿಯುವ ಹುಡುಗಿ ಬೆಳಿಗ್ಗೆ ಎದ್ದು ಸಾಧನೆ ಮಾಡುತ್ತಾಳೆ ಅನ್ನುತ್ತೇವೆ. ಅವಳು ನುಡಿಸುತ್ತಿರುವುದು ಮೊದಲ ಪಾಠದ ಅದೇ ಸರಳೆ ವರಸೆ, ಸಂಗೀತ ಕಛೇರಿ ಇನ್ನೂ ದೂರ. ಸೇಡು ಸಾಧಿಸುತ್ತಾರೆ, ಹಠ ಸಾಧಿಸುತ್ತಾರೆ, ಅತ್ತೆ ಸೊಸೆಯನ್ನು ಸಾಧಿಸುತ್ತಾಳೆ. ಒಳ್ಳೆಯದೋ ಕೆಟ್ಟದ್ದೋ, ಬಿಡದೆ ಬೆನ್ನು ಹತ್ತುವುದು ಆ ಪದದಲ್ಲಿದೆ. ಸುಮ್ನೆ ಕೂತವರ ಮಡಿಲಿಗೆ ಬಿದ್ದದ್ದಕ್ಕೆ ‘ಸಿಕ್ಕಿತು’ ಸಾಕು. ದುಡ್ಡಾದರೆ ‘ಗಳಿಸಿದರು’ ಅನ್ನಿ. ನನಗೆ ಇಷ್ಟವಾದದ್ದು ‘ದಕ್ಕು’. ಉಂಡ ಅನ್ನ ದಕ್ಕಬೇಕು, ಅಂದರೆ ಹೊಟ್ಟೆಯಲ್ಲಿ ನಿಲ್ಲಬೇಕು. ನಿಮ್ಮ ದೊಡ್ಡಪ್ಪನಿಗೆ ಹಾಗೆ ದಕ್ಕಿರುವುದು ಪಾಕದ ಹದ.

ಅದನ್ನು ನೀವೇ ಮೂರನೇ ಪುಟದಲ್ಲಿ ತೋರಿಸಿದ್ದೀರಿ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿದೆ. ದೊಡ್ಡಪ್ಪ ಒಂದಿಷ್ಟು ತೆಗೆದು ತಣ್ಣೀರಿಗೆ ಬಿಡುತ್ತಾರೆ. ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ‘ಇಳಿಸ್ರಲಾ’ ಅನ್ನುತ್ತಾರೆ. ತಡವಾದರೆ ಸೀದು ಕಪ್ಪಾಗುತ್ತದೆ, ಬೇಗ ಇಳಿಸಿದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಈ ಆರು ಸಾಲು ಎರಡು ಸಲ ಓದಿದೆ. ಆಮೇಲೆ ನೀವು ಓಡಿಹೋಗಿ ಸನ್ಮಾನದ ವೇದಿಕೆ ಹತ್ತಿದಿರಿ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅದೇ ಒಂದು ಪುಟ!

ಅಂದ ಹಾಗೆ, ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ನಿಮ್ಮ ಜಿಲ್ಲೆಯವರೇ. 1913ರಲ್ಲಿ ಹುಟ್ಟಿದವರು, 2021ರಲ್ಲಿ ತೀರಿಕೊಂಡರು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿದ್ದರು. ಲೈಬ್ರರಿಯಲ್ಲಿ ಅದು ಸಿಕ್ಕರೆ ‘ಸಾಧಿಸು’ ತೆಗೆದು ನೋಡಿ. ಅರ್ಧ ಗಂಟೆ ಹೋಗುತ್ತದೆ, ಹೋಗಲಿ.

ಮತ್ತೆ ಬರೆಯುವ ಮುಂಚೆ ದೊಡ್ಡಪ್ಪನನ್ನು ಕೇಳಿ: ಮೊದಲ ಸಲ ಪಾಕ ಕೆಟ್ಟಾಗ ಎಷ್ಟು ವಯಸ್ಸು? ಯಾರು ಬೈದರು? ಆ ಕಬ್ಬಿನ ನಷ್ಟ ಯಾರ ತಲೆಗೆ ಬಂತು? ಎರಡು ಪುಟ ಸಾಕು. ಸನ್ಮಾನದ ಫೋಟೋ ಬೇಡ, ಕೊಪ್ಪರಿಗೆ ಪಕ್ಕ ನಿಂತದ್ದು ಇದ್ದರೆ ಕಳಿಸಿ.

ಸಂಪಾದಕ
ಮೈಸೂರು